ಮೆಣಸಿನಕಾಯಿ ಕಣಕ್ಕೊಂದು ಮಳೆ ನಕ್ಷೆ

ಮಳೆ ಬಂದರೆ ನನ್ನನ್ನು ಬೈಯುವ ಜನ ಸುಮಾರು ಇದ್ದಾರೆ. ನಾನು ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ರಾಣೆಬೆನ್ನೂರಿನಲ್ಲಿ, ದಿನಾ ಹೋಗಿಬರುವ ಕೆಲಸ. ಭೂಗೋಳ ಓದಿದವಳು ಎಂಬ ಒಂದೇ ಕಾರಣಕ್ಕೆ ಶಾಲೆಯ ಪ್ರವಾಸ, ಓಣಿಯ ಹೆಂಗಸರ ಟೆಂಪೋ ಪ್ರವಾಸ, ಬೀಗರ ಊರಿನ ನಿಶ್ಚಿತಾರ್ಥ, ಎಲ್ಲದಕ್ಕೂ ಹವಾಮಾನ ಹೇಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. "ಟೀಚರ್ರ, ಆದಿತವಾರ ಹೋಗಬಹುದೇನ್ರಿ?" ಎಂದು ಕೇಳುತ್ತಾರೆ. ಹೋದ ದಿನ ಬಿಸಿಲಿದ್ದರೆ ಅದು ಅವರವರ ಪುಣ್ಯ, ಮಳೆ ಬಂದರೆ ಟೀಚರ್ ತಪ್ಪು. ಎರಡನ್ನೂ ಕೇಳಿ ಕೇಳಿ ನನಗೆ ರೂಢಿಯಾಗಿದೆ, ಆದರೂ ಸಿಟ್ಟು ಬರುವುದು ಮಾತ್ರ ನಿಂತಿಲ್ಲ.

ಈ ಹುಚ್ಚು ಹತ್ತಿದ್ದು ಜೋಗಕ್ಕೆ ಹೋದಾಗ. ಓಣಿಯ ಹೆಂಗಸರೆಲ್ಲ ಸೇರಿ ಹೊರಟಿದ್ದೆವು. ನನ್ನ ಫೋನಿನ ಆ್ಯಪ್‌ನಲ್ಲಿ ಹಲ್ಲು ಬಿಡುವ ಒಬ್ಬ ಸೂರ್ಯ ಇದ್ದ. ಅವನನ್ನು ಎಲ್ಲರಿಗೂ ತೋರಿಸಿ ಧೈರ್ಯ ಹೇಳಿದ್ದೆ. ಅಲ್ಲಿ ಇಳಿದರೆ ಎದುರಿಗೆ ಬರೀ ಬಿಳಿ ಮಂಜು. ಜಲಪಾತದ ಸದ್ದು ಕೇಳುತ್ತಿತ್ತು, ನೀರು ಮಾತ್ರ ಒಂದು ಹನಿಯೂ ಕಾಣಲಿಲ್ಲ. ಒಬ್ಬಾಕೆ, "ಟೀಚರ್ರ, ಸಪ್ಪಳ ಕೇಳಾಕ ಇಷ್ಟು ದೂರ ಕರಕೊಂಡು ಬಂದ್ರೇನ್ರಿ?" ಅಂದಳು. ಸಂಜೆ ಟೆಂಪೋದಲ್ಲಿ ಕೂತು ಫೋನ್ ತಿರುವಿ ನೋಡಿದಾಗ ಗೊತ್ತಾಯಿತು. ಆ ಸೂರ್ಯ ರಾಣೆಬೆನ್ನೂರಿನವನು. ಆ್ಯಪ್‌ಗೆ ನಾನು ಹೋಗುವ ಊರು ಹೇಳಿರಲೇ ಇಲ್ಲ. ಅದು ಪಾಪ, ನಾನು ಬಿಟ್ಟು ಬಂದ ಊರಿನ ಬಿಸಿಲನ್ನು ನಿಯತ್ತಾಗಿ ತೋರಿಸುತ್ತ ಕೂತಿತ್ತು.

ಅಂದಿನಿಂದ ನನಗೆ ಹಟ ಬಂತು. ಒಂದರ ಮೇಲೊಂದು ಆ್ಯಪ್ ಇಳಿಸಿಕೊಂಡೆ. ಒಂದು ಬರೀ ಶೇಕಡಾ ಲೆಕ್ಕ ಹೇಳುತ್ತಿತ್ತು. ಮಳೆ ಬರುವ ಸಂಭವ ಅರ್ಧ, ಬಾರದ ಸಂಭವ ಅರ್ಧ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೀಗೆ ಹೇಳಲು ಆ್ಯಪ್ ಏಕೆ ಬೇಕು, ನಮ್ಮ ಓಣಿಯ ತುದಿಯ ಅಂಗಡಿಯವನೇ ಸಾಕು. ಇನ್ನೊಂದರಲ್ಲಿ ಗಾಳಿ ಎಳೆ ಎಳೆಯಾಗಿ ಹರಿಯುವ ನಕ್ಷೆ ಇತ್ತು. ನೋಡಲು ಬಲು ಚೆಂದ, ಒಲೆಯ ಮೇಲಿನ ಹಾಲು ಉಕ್ಕಿ ಹೋಗುವ ತನಕ ನೋಡಿದ್ದೇನೆ. ಆದರೆ ಒಗೆದ ಬಟ್ಟೆ ಹೊರಗೆ ಹಾಕಬೇಕೋ ಒಳಗೆ ಹಾಕಬೇಕೋ ಎಂಬುದು ಅದರಿಂದ ತಿಳಿಯಲಿಲ್ಲ. ಮತ್ತೊಂದರಲ್ಲಿ ಉಪಗ್ರಹ ತೆಗೆದ ಮೋಡದ ಫೋಟೋ. ಅದು ಸುಳ್ಳು ಹೇಳುವುದಿಲ್ಲ, ಆದರೆ ಆಗಿಹೋದದ್ದನ್ನಷ್ಟೇ ಹೇಳುತ್ತದೆ.

ಕೊನೆಗೆ ನನ್ನ ಕೈಗೆ ಒಗ್ಗಿದ್ದು ಮಳೆಯ ನಕ್ಷೆ ಇದ್ದ ಒಂದು ಆ್ಯಪ್. ಕೆಳಗೆ ಒಂದು ಗೆರೆ, ಗೆರೆಯ ಮೇಲೆ ಬೆರಳು ಸರಿಸಿದರೆ ಗಂಟೆಗಳು ಮುಂದೆ ಹೋಗುತ್ತವೆ, ನಕ್ಷೆಯ ಮೇಲೆ ಮಳೆ ತಾನೂ ನಡೆದು ಹೋಗುತ್ತದೆ. ಹಿಗ್ಗಿಸಿದರೆ ಹಳ್ಳಿಗಳ ಹೆಸರೂ ಕಾಣುತ್ತವೆ. ಆಗ ನನಗೊಂದು ವಿಷಯ ಹೊಳೆಯಿತು. ಪ್ರವಾಸಕ್ಕೆ ಹೊರಟವರಿಗೆ ಒಂದು ಊರಿನಲ್ಲಿ ಮಳೆ ಬರುತ್ತದೋ ಇಲ್ಲವೋ ಎಂಬುದು ಅಷ್ಟು ಮುಖ್ಯವಲ್ಲ. ಮಳೆ ಎಲ್ಲಿಂದ ಹೊರಟಿದೆ, ನಾವು ಎಲ್ಲಿಂದ ಹೊರಟಿದ್ದೇವೆ, ದಾರಿಯಲ್ಲಿ ಇಬ್ಬರೂ ಎಲ್ಲಿ ಭೇಟಿಯಾಗುತ್ತೇವೆ ಎಂಬುದು ಮುಖ್ಯ. ಅದನ್ನು ಅಂಕಿ ಹೇಳಲಾರದು, ನಕ್ಷೆಯೇ ಬೇಕು. ಮತ್ತು ಒಂದನ್ನೇ ನಂಬಬಾರದು, ಎರಡು ನಕ್ಷೆ ನೋಡಬೇಕು. ಎರಡೂ ಒಂದೇ ಮಾತು ಹೇಳಿದರೆ ಹೊರಡಬೇಕು, ಬೇರೆ ಬೇರೆ ಹೇಳಿದರೆ ಛತ್ರಿ ಹಿಡಿದು ಹೊರಡಬೇಕು. ಇದು ನನ್ನ ಶಾಸ್ತ್ರ.

ಇಷ್ಟೆಲ್ಲ ಕಲಿತದ್ದು ತಿರುಗಾಟಕ್ಕೆ. ಅದು ನಿಜವಾಗಿ ಬೇಕಾದದ್ದು ಮಾತ್ರ ಎಲ್ಲಿಗೂ ಹೋಗದ ಒಬ್ಬಳಿಗೆ, ನನ್ನ ಅಕ್ಕನಿಗೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳ ಮದುವೆಯಲ್ಲಿ ನಾನು ಅವಳ ಸೀರೆಯ ಸೆರಗು ಹಿಡಿದು ನಿದ್ದೆ ಮಾಡಿದ್ದೆನಂತೆ. ಕೊಟ್ಟದ್ದು ಕುಪ್ಪೇಲೂರಿನ ಹತ್ತಿರದ ಒಂದು ಹಳ್ಳಿಗೆ. ಗಟ್ಟಿ ಮನೆತನ, ಕಪ್ಪು ಮಣ್ಣಿನ ಎರೆ ಹೊಲ, ಹೊಲದ ತುಂಬ ಮೆಣಸಿನಗಿಡ. ಮನೆಯ ಹಿಂದೆಯೇ ಕಣ. ಕಾಯಿ ಕೆಂಪಾದ ಮೇಲೆ ಬಿಡಿಸಿ ತಂದು ಆ ಕಣದ ತುಂಬ ಹರವುತ್ತಾರೆ. ಒಣಗಿ ಸುಕ್ಕಾಗುವ ತನಕ ದಿನಾ ತಿರುವಿ ಹಾಕಬೇಕು, ಇಬ್ಬನಿಗೆ ಸಿಗದ ಹಾಗೆ ಸಂಜೆ ಮುಚ್ಚಬೇಕು, ಮುಂಜಾನೆ ಬಿಚ್ಚಬೇಕು. ಮಳೆ ಬಂದು ಕೆಡಲಿಲ್ಲ, ಮಗ ಉಂಡು ಕೆಡಲಿಲ್ಲ ಎಂದು ಗಾದೆ ಮಾಡಿದವರು ಮೆಣಸಿನಕಾಯಿ ಒಣಹಾಕಿದವರಲ್ಲ. ಒಣಗುತ್ತಿರುವ ಕಾಯಿಗೆ ಒಂದು ಜಡಿ ಮಳೆ ಬಿದ್ದರೆ ಸಾಕು, ಬಣ್ಣ ಹಾರಿ ಬೆಳ್ಳಗಾಗುತ್ತದೆ. ಅದಕ್ಕೆ ಬಿಳಿಗಾಯಿ ಎಂದು ಹೆಸರು. ಬ್ಯಾಡಗಿ ಪೇಟೆಯಲ್ಲಿ ಅದನ್ನು ಕಣ್ಣೆತ್ತಿ ನೋಡುವವರಿಲ್ಲ.

ಒಮ್ಮೆ ಭಾವನ ಜೊತೆ ನಾನೂ ಬ್ಯಾಡಗಿಗೆ ಹೋಗಿದ್ದೆ. ಚೀಲಗಳ ಸಾಲು, ನೆಲವೆಲ್ಲ ಕೆಂಪು, ಗಾಳಿಯೆಲ್ಲ ಘಾಟು. ನಾನು ಸೀನುತ್ತ ನಿಂತಿದ್ದರೆ ಖರೀದಿದಾರರು ಹೂವಿನ ತೋಟದಲ್ಲಿ ಅಡ್ಡಾಡುವವರ ಹಾಗೆ ಅಡ್ಡಾಡುತ್ತಿದ್ದರು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಕೆಂಪು ಇದ್ದರೆ ಮಾತಿಲ್ಲ. ನಡುವೆ ಒಂದು ಬಿಳಿಯದು ಕಂಡರೆ ಮುಖ ಸಿಂಡರಿಸಿ ಮುಂದಿನ ಚೀಲಕ್ಕೆ ಹೋಗುತ್ತಾರೆ. ಭಾವ ಆ ಹೊತ್ತು ಪರೀಕ್ಷೆ ಬರೆದ ಹುಡುಗನ ಹಾಗೆ ಕೈಕಟ್ಟಿ ನಿಂತಿರುತ್ತಾರೆ. ಆ ಮನೆಯಲ್ಲಿ ಕೆಂಪು ಎಂದರೆ ಶುಭ, ಬಿಳಿ ಎಂದರೆ ನಷ್ಟ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಅಲ್ಲಿ ಹುಟ್ಟಿದ ಕೂಸಿಗೂ ಗೊತ್ತು.

ನಮ್ಮ ಕಡೆ ಸಂಕ್ರಮಣಕ್ಕೆ ಹೊಳೆಗೆ ಹೋಗುವುದು ಪದ್ಧತಿ. ಎಳ್ಳು ಅರಿಶಿನ ಅರೆದು ಮೈಗೆ ಹಚ್ಚಿಕೊಂಡು ಹರಿವ ನೀರಿನಲ್ಲಿ ಮುಳುಗಬೇಕು. ಗಂಗೆಗೆ ಪೂಜೆ ಮಾಡಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರು ಬುತ್ತಿ ಬಿಚ್ಚಿ ದಂಡೆಯ ಮೇಲೆ ಉಣ್ಣಬೇಕು. ಅಕ್ಕನ ಮನೆಯವರು ಟ್ರ್ಯಾಕ್ಟರಿನಲ್ಲಿ ಗಳಗನಾಥಕ್ಕೆ ಹೋಗುತ್ತಾರೆ. ಅಲ್ಲಿ ತುಂಗಭದ್ರೆಗೆ ವರದೆ ಕೂಡುತ್ತಾಳೆ, ಸಂಗಮದ ನೀರಿಗೆ ಪುಣ್ಯ ಹೆಚ್ಚು ಎಂದು ನಂಬಿಕೆ. ಮನೆಯವರು, ಆಳುಗಳು, ಅಕ್ಕಪಕ್ಕದವರು ಎಲ್ಲ ಹೋಗುತ್ತಾರೆ. ಅಂದು ಊರೇ ಖಾಲಿ. ಸರಿಯಾಗಿ ಅದೇ ಹೊತ್ತಿಗೆ ಕಣದ ಮೇಲೆ ಮೆಣಸಿನಕಾಯಿ ಇರುತ್ತದೆ. ಮೋಡವಾದರೆ ತಾಡಪತ್ರಿ ಎಳೆದು ಮುಚ್ಚಲು ಒಬ್ಬರು ಇರಲೇಬೇಕು. ಆ ಒಬ್ಬರು ಅಕ್ಕ.

ಅವಳನ್ನು ಇರು ಎಂದು ಯಾರೂ ಹೇಳಿದ್ದಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಅವಳೂ ಹೋಗಿದ್ದಳು. ಮರುವರ್ಷ ಬಸುರಿ ಎಂದು ಉಳಿದಳು. ಅಂದು ಮಧ್ಯಾಹ್ನ ಎಲ್ಲಿಂದಲೋ ಒಂದು ಮೋಡ ಬಂದು ಸುರಿಯಿತು. ಆ ಹೊಟ್ಟೆ ಹೊತ್ತುಕೊಂಡೇ ಅವಳು ಇಡೀ ಕಣ ಮುಚ್ಚಿದಳು. ಹೊಳೆಯಿಂದ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವಳ ಅತ್ತೆ ದೃಷ್ಟಿ ತೆಗೆದರು. ಮುಂದಿನ ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು, "ಆಕಿ ಇದ್ರ ನಮಗ ಚಿಂತಿಲ್ಲ." ಅದರ ಮುಂದಿನ ವರ್ಷ ಆ ಮಾತೂ ಬೇಕಾಗಲಿಲ್ಲ. ಬೈದು ಕೂರಿಸಿದ್ದರೆ ಅಕ್ಕ ಎಂದೋ ಎದ್ದು ಹೋಗುತ್ತಿದ್ದಳು. ಹೊಗಳಿ ಕೂರಿಸಿದ್ದರಿಂದ ಏಳಲು ಆಗಲಿಲ್ಲ. ಅತ್ತೆ ತೀರಿಕೊಂಡರು, ಮಗ ದೊಡ್ಡವನಾದ, ಸೊಸೆ ಬಂದಳು, ಮೊಮ್ಮಗು ಬಂತು. ಟ್ರ್ಯಾಕ್ಟರ್ ಹೊರಡುವಾಗ ಬಾಗಿಲಲ್ಲಿ ನಿಂತು ಬುತ್ತಿಯ ಗಂಟು ಎತ್ತಿಕೊಡುವವಳು ಅವಳೇ.

ಎರಡು ಚಳಿಗಾಲದ ಹಿಂದೆ, ಸಂಕ್ರಮಣ ಇನ್ನೂ ಹದಿನೈದು ದಿನ ಇದೆ ಎನ್ನುವಾಗ ಅಕ್ಕ ಫೋನ್ ಮಾಡಿದಳು.

"ತಂಗಿ, ಮಣಕಾಲು ಭಾಳ ಹಿಡಕೊಳ್ಳಾಕತ್ತಾವು. ಮುಂದಿನ ವರ್ಷ ಹೊಳಿಗೆ ಇಳಿಯಾಕ ಆಗತೈತೋ ಇಲ್ಲೋ ಗೊತ್ತಿಲ್ಲ. ಈ ಸಲ ಸಂಗಮದಾಗ ಒಂದು ಮುಳುಗು ಹಾಕಬೇಕಂತ ಮಾಡೇನಿ."

"ಹಾಕು ಅಕ್ಕಾ. ನಾನ ಬಂದು ಕಾರಿನಾಗ ಕರಕೊಂಡು ಹೋಗತೇನಿ" ಅಂದೆ.

"ಹಂಗಲ್ಲ. ಕಣಾ ಬಿಟ್ಟು ಹೋಗತೇನಂತ ನಾ ಹೇಳಿದ್ರ ನಿಮ್ಮ ಭಾವ ಕೇಳೂದಿಲ್ಲ. ನಿನ್ನ ಫೋನ್ ಹೇಳಿದ್ರ ಕೇಳತಾರ. ಅವತ್ತು ಮಳಿ ಇಲ್ಲ ಅಂತ ಅದರಾಗ ತೋರಿಸು."

ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂತು. ಅರವತ್ತು ದಾಟಿದ ಹೆಂಗಸು ಹೊಳೆಯಲ್ಲಿ ಒಂದು ಮುಳುಗು ಹಾಕಲು ಆಕಾಶದ ಉಪಗ್ರಹ ಸಾಕ್ಷಿ ಹೇಳಬೇಕೇ? ಭಾವ ಕೆಟ್ಟವರಲ್ಲ. ಮೆತ್ತಗಿನ ಮನುಷ್ಯ, ಅಕ್ಕನಿಗೆ ಒಂದು ಗಟ್ಟಿ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಆದರೆ ಕೆಟ್ಟವರಲ್ಲದವರ ಜೊತೆ ಜಗಳ ಮಾಡುವುದು ಬಲು ಕಷ್ಟ. ಜಗಳ ಬೇಡ, ನಕ್ಷೆಯೇ ಗೆಲ್ಲಲಿ ಎಂದುಕೊಂಡೆ.

ಮುಂದಿನ ಆದಿತವಾರ ಅಕ್ಕನ ಊರಿಗೆ ಹೋದೆ. ಭಾವನ ಫೋನಿಗೆ ಆ ಆ್ಯಪ್ ಹಾಕಿ ಪಡಸಾಲೆಯಲ್ಲಿ ಕೂತು ಪಾಠ ಮಾಡಿದೆ. ಭಾವ ಕನ್ನಡಕ ಏರಿಸಿಕೊಂಡು ಬಂದು ಕುಳಿತರು. ಮೊದಲು ಉಷ್ಣಾಂಶದ ನಕ್ಷೆ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಸೀಮೆಯ ಮೇಲೆಲ್ಲ ಕೆಂಪು ಹರಡಿತ್ತು.

"ಇದೇನು, ಎಲ್ಲಾ ಕೆಂಪಗ ಆಗೈತಲ್ಲ?" ಅಂದರು.

"ಬಿಸಿಲ್ರೀ ಭಾವಾರ. ಛಲೋ ಬಿಸಿಲು ಐತಂತ ಅರ್ಥ" ಅಂದೆ.

ಅವರ ಮುಖ ಅರಳಿತು. "ಹಾಂ, ಇದು ತಿಳೀತು ನೋಡು" ಅಂದರು. ಆಮೇಲೆ ಮಳೆಯ ನಕ್ಷೆಗೆ ತಿರುಗಿಸಿ, ಆ್ಯಪ್ ತೆಗೆದ ಕೂಡಲೇ ಅದೇ ಬರುವ ಹಾಗೆ ಮಾಡಿ, ಬೆರಳು ಸರಿಸುವುದು ಹೇಗೆಂದು ತೋರಿಸಿ ಕೊಟ್ಟೆ. ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು. "ಇದರಾಗ ನಮ್ಮ ಕಣ ಎಲ್ಲೈತಿ?" ಎಂದು ಕೇಳಿದಳು. ಕುಪ್ಪೇಲೂರಿನ ಹೆಸರು ಕಾಣುವ ತನಕ ಹಿಗ್ಗಿಸಿ, ಅದರ ಪಕ್ಕದಲ್ಲಿ ಬೆರಳಿಟ್ಟು ಇಲ್ಲಿ ಅಂದೆ. "ಇಷ್ಟ ಸಣ್ಣದೇನ!" ಎಂದು ನಕ್ಕಳು. ನಾನೂ ನಕ್ಕೆ. ದಿನಾ ಮುಂಜಾನೆ ಒಮ್ಮೆ ನೋಡಿರಿ ಎಂದು ಭಾವನಿಗೆ ಹೇಳಿ ರಾಣೆಬೆನ್ನೂರಿಗೆ ಬಂದೆ.

ಆ ವಾರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿವಿಯವರು ಕೂಗಾಡುತ್ತಿದ್ದರು. ನಾನು ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಅಡುಗೆಮನೆಯಲ್ಲಿ ನಕ್ಷೆ ನೋಡಿದ್ದೇ ನೋಡಿದ್ದು. ಮೊದಲೆರಡು ದಿನ ತಮಿಳುನಾಡಿನ ಕರಾವಳಿಯ ಮೇಲೆ ಕೆಂಪು ಸುಳಿ ಇತ್ತು, ಅದರ ಸೆರಗು ನಮ್ಮ ಕಡೆ ಚಾಚುವ ಹಾಗೆ ಕಾಣುತ್ತಿತ್ತು.  ಆಮೇಲೆ ಆ ಸುಳಿ ನಿಧಾನಕ್ಕೆ ಸಮುದ್ರದ ಕಡೆ ಸರಿಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮೇಲೆ ಒಂದು ಕಲೆಯೂ ಇಲ್ಲದೆ ಬಿಳಿಯಾಯಿತು. ನನ್ನ ಇನ್ನೊಂದು ಆ್ಯಪ್ ನೋಡಿದೆ, ಅದರಲ್ಲೂ ಅದೇ. ಸಂಕ್ರಮಣದ ಹಿಂದಿನ ದಿನ ನಾನು ಆ ಸುಳಿಯನ್ನು ಕೈಯಾರೆ ನೂಕಿ ಬಂದವಳ ಹಾಗೆ ಬೀಗುತ್ತಿದ್ದೆ.

ಸಂಜೆ ಅಕ್ಕನ ಫೋನ್ ಬಂತು.

"ನಾ ಬರೂದಿಲ್ಲ ಬಿಡು ತಂಗಿ. ನಕ್ಷಾ ಸರಿ ಇಲ್ಲಂತ."

"ಯಾರು ಹೇಳಿದ್ರು? ನಾನ ಈಗ ನೋಡೇನಿ, ಪೂರಾ ನಿಚ್ಚಳ ಐತಿ."

"ನಿಮ್ಮ ಭಾವಾರ ಫೋನ್ಯಾಗ ಬ್ಯಾರೆ ತೋರಿಸತೈತಿ. ನಾನೂ ನೋಡಿದೆ. ಸರಿ ಇಲ್ಲ." ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆಗಲೇ ಸೀರೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟವಳ ದನಿ ಅದು. ನನಗೆ ತಡೆಯಲಿಲ್ಲ. "ನೀ ಎಳ್ಳು ಅರೆದು ಇಡು. ಮುಂಜಾನೆ ನಾ ಬರತೇನಿ" ಎಂದು ಫೋನ್ ಇಟ್ಟೆ.

ಮರುದಿನ ಬೆಳಗ್ಗೆ ಅಕ್ಕನ ಮನೆ ಮುಟ್ಟಿದಾಗ ಟ್ರ್ಯಾಕ್ಟರ್ ಹೊರಡಲು ನಿಂತಿತ್ತು. ಮಗ, ಸೊಸೆ, ಕೂಸು, ಅಕ್ಕಪಕ್ಕದವರು ಎಲ್ಲ ಹತ್ತಿ ಕೂತಿದ್ದರು. ಆಕಾಶ ತೊಳೆದ ಹಾಗಿತ್ತು. ಅಕ್ಕ ಹಳೆಯ ಸೀರೆಯುಟ್ಟು ಕಣದಲ್ಲಿ ತಾಡಪತ್ರಿ ಬಿಚ್ಚುತ್ತಿದ್ದಳು. ಭಾವ ಹೊಸ ಪಂಚೆ ಉಟ್ಟು ಫೋನ್ ಹಿಡಿದು ನನ್ನ ಕಡೆ ಬಂದರು. ಅವರ ಮುಖವೂ ಸಣ್ಣಗಾಗಿತ್ತು.

"ನೋಡು ತಂಗಿ, ನೀನ ನೋಡು. ವಾರದ ಹಿಂದ ಕೆಂಪು ನಮ್ಮ ಕಡೆ ಬರಾಕತ್ತಿತ್ತು. ನನಗೂ ಖುಷಿ ಆಗಿತ್ತು, ಈ ಸಲ ಆಕಿನ್ನೂ ಕರಕೊಂಡು ಹೋಗೂಣು ಅಂತ. ಆಮ್ಯಾಲ ದಿನಾ ದೂರ ದೂರ ಹೋತು. ಇವತ್ತು ನೋಡು, ಕೆಂಪೆಲ್ಲ ಸಮುದ್ರದ ಪಾಲಾತು. ನಮ್ಮ ಮ್ಯಾಲ ಬರೇ ಬಿಳಿ ಉಳದೈತಿ."

ಒಂದು ಗಳಿಗೆ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಅಲ್ಲೇ ಕಣದ ಕಟ್ಟೆಯ ಮೇಲೆ ಕುಳಿತೆ. ಎದುರಿಗೆ ಇಡೀ ಕಣದ ತುಂಬ ಕೆಂಪು ಹರಡಿತ್ತು. ಈ ಮನೆಯಲ್ಲಿ ಕೂತು ನಕ್ಷೆ ನೋಡಿದವರಿಗೆ ಕೆಂಪು ಎಂದರೆ ಇನ್ನೇನು ಅನ್ನಿಸಬೇಕು? ಮೇಲಾಗಿ ಕೆಂಪು ಎಂದರೆ ಬಿಸಿಲು ಎಂದು ಕಲಿಸಿ ಹೋದವಳು ನಾನೇ. ಅದು ಬೇರೆ ನಕ್ಷೆ, ಇದು ಬೇರೆ ನಕ್ಷೆ ಎಂದು ಬಿಡಿಸಿ ಹೇಳಿರಲಿಲ್ಲ. ನಕ್ಷೆ ಕೈಗೆ ಬಂದರೆ ಮೊದಲು ಮೂಲೆಯಲ್ಲಿರುವ ಬಣ್ಣಗಳ ಸೂಚಿ ನೋಡಿರಿ ಎಂದು ದಿನಾ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಟೀಚರ್ ನಾನು. ವಾರವಿಡೀ ನಾನು ರಾಣೆಬೆನ್ನೂರಿನಲ್ಲಿ ಹಿಗ್ಗುತ್ತ ಹೋದ ಹಾಗೆ ಇವರು ಇಲ್ಲಿ ಕುಗ್ಗುತ್ತ ಬಂದಿದ್ದರು, ಒಂದೇ ನಕ್ಷೆ ನೋಡಿ.

"ಭಾವಾರ, ಇದು ಮಳಿ ನಕ್ಷಾ. ಇದರಾಗ ಕೆಂಪು ಅಂದ್ರ ಜಡಿ ಮಳಿ. ಬಿಳಿ ಅಂದ್ರ ಮಳಿನ ಇಲ್ಲ" ಅಂದೆ. ಭಾವ ಫೋನ್ ನೋಡಿದರು, ಕಣ ನೋಡಿದರು, ಆಕಾಶ ನೋಡಿದರು. "ಬಿಳಿ ಛಲೋ ಅಂತೀಯಾ?" ಎಂದು ಮತ್ತೆ ಕೇಳಿದರು. ಛಲೋ ಅಂದೆ. ಟ್ರ್ಯಾಕ್ಟರಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಭಾವನೂ ನಕ್ಕರು. "ಇದನ್ನ ಮಾಡಿದವರು ಎಂದೂ ಬ್ಯಾಡಗಿ ನೋಡಿಲ್ಲ ಬಿಡು" ಅಂದರು. ಅಕ್ಕನೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆಕಾಶ ನಿಚ್ಚಳ, ನಕ್ಷೆ ನಿಚ್ಚಳ, ಇನ್ನೇನು ಅಕ್ಕ ಸೀರೆ ಬದಲಿಸಲು ಒಳಗೆ ಹೋಗಬೇಕು. ಆಗ ಭಾವ ನಗು ನಿಲ್ಲಿಸಿ, ಯಾವ ಕೆಟ್ಟ ಬುದ್ಧಿಯೂ ಇಲ್ಲದೆ, ಬಹಳ ಸಹಜವಾಗಿ ಒಂದು ಮಾತು ಅಂದರು.

"ಆದ್ರೂ ಒಬ್ಬರು ಇರಬೇಕಲ್ಲ."

 ಕೆಂಪಿದ್ದರೂ ಅಕ್ಕ ಇರಬೇಕು, ಬಿಳಿಯಿದ್ದರೂ ಅಕ್ಕ ಇರಬೇಕು. ಹಾಗಾದರೆ ಈ ನಕ್ಷೆ, ಈ ಪಾಠ, ವಾರವಿಡೀ ನಾನು ಆ ಸುಳಿಯ ಹಿಂದೆ ಬಿದ್ದದ್ದು ಎಲ್ಲ ಏತಕ್ಕೆ? ಅಷ್ಟು ದಿನ ನಾನು ಮಳೆ ಬರುತ್ತದೋ ಇಲ್ಲವೋ ಎಂದು ಹುಡುಕುತ್ತಿದ್ದೆ. ಆ ಮನೆಯಲ್ಲಿ ಪ್ರಶ್ನೆ ಅದು ಆಗಿರಲೇ ಇಲ್ಲ. ಬಾಯಿಗೆ ಬಂದದ್ದು ಆಡಬೇಕು ಎಂದು ಎದ್ದು ನಿಂತೆ. ಅಷ್ಟರಲ್ಲಿ ಅಕ್ಕ ನನ್ನನ್ನೇ ಕೇಳಿದಳು.

"ತಂಗಿ, ಖರೇ ಹೇಳು. ಇವತ್ತು ಮಳಿ ಬರೂದ ಇಲ್ಲ ಅಂತ ನಿನ್ನ ಫೋನ್ ಆಣಿ ಮಾಡಿ ಹೇಳತೈತೇನ?"

ಹೌದು ಅಂದರೆ ಕೆಲಸ ಮುಗಿಯುತ್ತಿತ್ತು. ಆದರೆ ಅವಳು ಖರೇ ಹೇಳು ಅಂದಿದ್ದಳು. ಜೋಗದ ಮಂಜು ಕಂಡು ಬಂದವಳು ನಾನು. "ಇಲ್ಲ ಅಕ್ಕಾ" ಅಂದೆ. "ಎರಡೂ ನಕ್ಷಾ ಇಲ್ಲ ಅಂತಾವ. ಆದ್ರ ಆಣಿ ಮಾಡಿ ಯಾವ ಆ್ಯಪೂ ಹೇಳೂದಿಲ್ಲ."

"ಹಂಗಾದ್ರ ಅವರು ಅನ್ನೂದು ಬರೋಬ್ಬರಿ ಐತಿ. ಒಬ್ಬರು ಇರಾಕ ಬೇಕು" ಅಂದಳು ಅಕ್ಕ. ಕೈಯಲ್ಲಿದ್ದ ತಾಡಪತ್ರಿಯ ತುದಿಯನ್ನು ನಿಧಾನವಾಗಿ ಮಡಚಿ ಕಟ್ಟೆಯ ಮೇಲಿಟ್ಟಳು. ಆಮೇಲೆ ಭಾವನ ಕಡೆ ತಿರುಗಿದಳು. "ಈ ಸಲ ನೀವು ಇರ್ರಿ."

ಟ್ರ್ಯಾಕ್ಟರಿನ ಮೇಲಿನ ನಗು ನಿಂತಿತು. ಭಾವ ತಮ್ಮ ಹೊಸ ಪಂಚೆಯನ್ನೊಮ್ಮೆ ನೋಡಿಕೊಂಡರು. "ಗಂಗಿ ಪೂಜಾ ಮನಿ ಹಿರೇರು ಮಾಡಬೇಕಲ್ಲ" ಅಂದರು. "ಮಗ ಅದಾನ, ಮಾಡತಾನ" ಅಂದಳು ಅಕ್ಕ. ಮಗ ಏನೋ ಹೇಳಲು ಬಾಯಿ ತೆರೆದ, ಸೊಸೆ ಅವನ ಮೊಣಕೈ ತಿವಿದಳು. ಅಕ್ಕ ದನಿ ಏರಿಸಲಿಲ್ಲ, ಹಳೆಯದನ್ನು ತೆಗೆಯಲಿಲ್ಲ, ಇಷ್ಟು ವರ್ಷ ನಾನಿದ್ದೆ ಎಂದೂ ಅನ್ನಲಿಲ್ಲ. ಉತ್ತರಕ್ಕೂ ಕಾಯದೆ ಸೀರೆ ಬದಲಿಸಲು ಒಳಗೆ ನಡೆದಳು.  ಭಾವ ಪಂಚೆ ಎತ್ತಿ ಕಟ್ಟಿಕೊಂಡು, "ಹೋಗಿ ಬರ್ರಿ. ಹುಷಾರು" ಎಂದು ಕಣಕ್ಕೆ ಇಳಿದರು.

ಟ್ರ್ಯಾಕ್ಟರ್ ಮುಂದೆ ಹೋಯಿತು, ಅಕ್ಕನನ್ನು ನಾನು ಕಾರಿನಲ್ಲಿ ಕರೆದುಕೊಂಡು ಹೊರಟೆ. ರಾಣೆಬೆನ್ನೂರು ದಾಟಿ ಗುತ್ತಲದ ಕಡೆ ಹೊರಳಿದ ಮೇಲೆ ಅಕ್ಕ ಕಿಟಕಿಯ ಗಾಜು ಇಳಿಸಿದಳು. ಎರಡೂ ಕಡೆ ಹೊಲಗಳು, ಜೋಳದ ತೆನೆಯಲ್ಲಿ ಎಳೆಯ ಹಾಲುಗಾಳು ಕಟ್ಟಿತ್ತು. ಯಾರ ಕಣದಲ್ಲಿ ಎಷ್ಟು ಕಾಯಿ, ಯಾರದು ಇನ್ನೂ ಹಸಿ, ಯಾರು ದಪ್ಪ ಹರವಿ ಕೆಡಿಸುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಪ್ರವಾಸ ಹೊರಟವರ ಮಾತು ಅಲ್ಲ ಅದು, ಆದರೆ ದನಿ ಪ್ರವಾಸದ್ದೇ.

ಗಳಗನಾಥದ ದಂಡೆಯಲ್ಲಿ ಜನವೋ ಜನ. ಗುಡಿಯ ಹಿಂದಿನ ಇಳಿಜಾರಿನಲ್ಲಿ ಟ್ರ್ಯಾಕ್ಟರುಗಳು, ಚಕ್ಕಡಿಗಳು, ಕಾರುಗಳು. ಅಕ್ಕನ ಕೈ ಹಿಡಿದು ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಳಿಸಿದೆ. ಮಂಡಿ ನೋವಿಗೆ ತುಟಿ ಕಚ್ಚುತ್ತಿದ್ದಳು, ನಿಲ್ಲೋಣ ಅಂದರೆ ಬೇಡ ಅಂದಳು. ಸೊಸೆ ಎಳ್ಳು ಅರಿಶಿನ ತಂದು ಅವಳ ಕೈಗೆ, ಕುತ್ತಿಗೆಗೆ, ಕಾಲಿಗೆ ಹಚ್ಚಿದಳು. ಸೊಂಟದ ತನಕ ನೀರಿಗೆ ಇಳಿದು ಅಕ್ಕ ಕಣ್ಣು ಮುಚ್ಚಿ ಮುಳುಗಿದಳು. ಎದ್ದಾಗ ಅವಳ ಮುಖ ನೋಡಿ ನಾನು ಕಣ್ಣು ಒರೆಸಿಕೊಂಡೆ. ಬೇರೆಯವರ ಖುಷಿ ನೋಡಿ ಅಳು ಬರುವುದು ನನಗೆ ವಯಸ್ಸಾದ ಲಕ್ಷಣ ಇರಬೇಕು.

ಆಗ ದಕ್ಷಿಣದ ಕಡೆ ಒಂದು ಮೋಡ ಕಂಡಿತು. ದೊಡ್ಡದಲ್ಲ, ಆದರೆ ಅಡಿ ಕಪ್ಪಗಿತ್ತು. ಎರಡು ನಕ್ಷೆಯಲ್ಲೂ ಇಲ್ಲದ ಮೋಡ. ಕಣ ಇದ್ದದ್ದೂ ಆ ದಿಕ್ಕಿನಲ್ಲೇ. ನಾನು ಅವಸರದಿಂದ ದಂಡೆಗೆ ಬಂದು ಚೀಲದಿಂದ ಫೋನ್ ತೆಗೆದೆ. ಅಷ್ಟು ಜನ ಸೇರಿದ ಜಾಗದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ನಕ್ಷೆಯ ಜಾಗದಲ್ಲಿ ಒಂದು ಬೂದು ಚೌಕ, ನಡುವೆ ತಿರುಗುವ ಒಂದು ಚಕ್ರ. ಫೋನನ್ನು ಮೇಲೆತ್ತಿ ಆ ಕಡೆ ಈ ಕಡೆ ಅಡ್ಡಾಡಿದೆ. ಆಗ ಒಂದು ನಿರ್ಧಾರಕ್ಕೆ ಬಂದೆ, ಇನ್ನು ಮುಂದೆ ನೆಟ್ ಇಲ್ಲದಾಗಲೂ ಕೊನೆಯ ನಕ್ಷೆ ಉಳಿಸಿಕೊಳ್ಳುವ ಆ್ಯಪ್ ಹುಡುಕಬೇಕು ಎಂದು. ಅಂಥ ಹೊತ್ತಿನಲ್ಲೂ ಇಂಥದ್ದೇ ಯೋಚನೆ ನನಗೆ.

ಅಕ್ಕ ನೀರಿನಲ್ಲಿ ನಿಂತು ಆ ಮೋಡವನ್ನೇ ನೋಡುತ್ತಿದ್ದಳು. ಅವಳು ಈಗ ಹೊರಡೋಣ ಅನ್ನುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. "ಅಕ್ಕಾ, ತಡಿ, ದಿಬ್ಬದ ಮ್ಯಾಲ ಹೋಗಿ ನೋಡತೇನಿ" ಅಂದೆ.

"ಅದನ್ನ ಚೀಲದಾಗ ಇಡು ತಂಗಿ" ಅಂದಳು. "ಮಳಿ ಬಂದ್ರ ಅವರು ಅದಾರ."

ಹಾಗೆಂದು ಮೂಗು ಹಿಡಿದುಕೊಂಡು ಮತ್ತೊಮ್ಮೆ ಮುಳುಗಿದಳು. ಆಮೇಲೆ ಇನ್ನೊಮ್ಮೆ. ಸೊಸೆ ಸಾಕು ಅತ್ತಿ, ನೆಗಡಿ ಆಗತೈತಿ ಎಂದು ಕರೆದರೂ ಕೇಳಲಿಲ್ಲ. ಎಷ್ಟು ನಕ್ಷೆ ನೋಡಿದರೂ ನನಗೆ ಸಿಗದಿದ್ದ ಧೈರ್ಯ ಅವಳಿಗೆ ಆ ಒಂದು ಮಾತಿನಿಂದ ಸಿಕ್ಕಿತ್ತು. ಮಳೆ ಬರುವುದಿಲ್ಲ ಎಂಬುದು ಅವಳಿಗೆ ಬೇಕಾಗಿರಲಿಲ್ಲ. ಬಂದರೆ ನೋಡಿಕೊಳ್ಳಲು ತನ್ನ ಹೊರತು ಇನ್ನೊಬ್ಬರು ಇದ್ದಾರೆ ಎಂಬುದು ಬೇಕಾಗಿತ್ತು.

ದಂಡೆಯ ಮೇಲೆ ಕೂತು ಉಂಡೆವು. ಅಕ್ಕ ಎರಡು ಹೋಳಿಗೆ ಹೆಚ್ಚು ತಿಂದಳು, ಒಂದು ಡಬ್ಬಿಯಲ್ಲಿ ಭಾವನಿಗೆ ಬುತ್ತಿ ಕಟ್ಟಿಸಿದಳು. ಮೋಡ ಅತ್ತ ಇತ್ತ ಆಡಿ ಎಲ್ಲೋ ಹೋಯಿತು.

ಸಂಜೆ ಮನೆ ಮುಟ್ಟಿದಾಗ ಇಡೀ ಕಣ ಮುಚ್ಚಿತ್ತು. ತಾಡಪತ್ರಿಯ ಅಂಚಿಗೆಲ್ಲ ಭಾವ ಕಲ್ಲು ಹೇರಿದ್ದರು, ಅಗತ್ಯಕ್ಕಿಂತ ಹೆಚ್ಚೇ ಹೇರಿದ್ದರು. ಒಂದು ಹನಿಯೂ ಬಿದ್ದಿರಲಿಲ್ಲ, ಮಣ್ಣು ಒಣಗಿಯೇ ಇತ್ತು. ಭಾವ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಹೊಸ ಪಂಚೆ ತುಂಬ ಧೂಳು. ಮುಂಜಾನೆಯಿಂದ ಏನು ಉಂಡಿದ್ದರೋ, ಉಂಡಿದ್ದರೋ ಇಲ್ಲವೋ. ಅಕ್ಕ ಬುತ್ತಿಯ ಡಬ್ಬಿ ಅವರ ಮುಂದಿಟ್ಟಳು. ಭಾವ ಅದನ್ನು ಮುಟ್ಟದೆ ಕುತ್ತಿಗೆಯ ಹಿಂಭಾಗ ತಿಕ್ಕಿಕೊಳ್ಳುತ್ತ, ಯಾರಿಗೂ ಹೇಳದ ಸಂಗತಿಯೊಂದನ್ನು ಕಂಡುಹಿಡಿದವರ ಹಾಗೆ ಅಂದರು.

"ಮಧ್ಯಾಹ್ನ ಒಂದು ಮೋಡ ಬಂದಿತ್ತು. ಮುಚ್ಚೂದೇನು ದೊಡ್ಡದಲ್ಲ ಬಿಡು. ಇಡೀ ದಿನಾ ಒಬ್ಬರ ಕುಂತು ಮ್ಯಾಲ ನೋಡೂದೈತಲ್ಲ, ಕುತ್ತಿಗಿ ಭಾಳ ನೋಯತೈತಿ."

ಅಕ್ಕ ಹೊಳೆಯಿಂದ ತಂದ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹರವುತ್ತಿದ್ದಳು. ತಿರುಗಿ ನೋಡಲಿಲ್ಲ.

"ಹೂಂ" ಅಂದಳು. "ನೋಯತೈತ್ರಿ."